ಕಲಬುರಗಿ ರೋಡಿಗೆ ಏಳು ಕೆಜಿ ಸೈಕಲ್: ದುಡ್ಡು ಹಾಕಬಹುದಾ?

ಎರೆಹೊಲ ಸವಾರ (ಕಲಬುರಗಿ):

ಎಲ್ಲರಿಗೂ ನಮಸ್ಕಾರ ರೀ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರಾಗಬೇಡಿ.

ನನ್ನ ಹತ್ತಿರ ಇರುವುದು ಅಲ್ಯೂಮಿನಿಯಂ ಫ್ರೇಮಿನ ರೋಡ್ ಬೈಕ್. ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ) ಕಾರ್ಬನ್, ಬ್ರೇಕ್ ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್. ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ನೇತು ಹಾಕಿ ನೋಡಿದೆ, ಪೆಡಲ್ ಸೇರಿ 9.4 ಕೆಜಿ ಬಂತು. ನಾನು 78 ಕೆಜಿ. ಬೆಳಕು ಹರಿಯುವ ಮುಂಚೆ ಹೊರಡುತ್ತೇನೆ, ಒಮ್ಮೆ ಜೇವರ್ಗಿ ರಸ್ತೆ, ಒಮ್ಮೆ ಆಳಂದ ರಸ್ತೆ, ಭಾನುವಾರ ಆದರೆ ಕಮಲಾಪುರ ದಾಟಿ ಹುಮನಾಬಾದ್ ಕಡೆ. ಸೇಡಂ ರಸ್ತೆ ಕಡಿಮೆ, ಅಲ್ಲಿ ಸಿಮೆಂಟ್ ಲಾರಿಗಳದ್ದೇ ರಾಜ್ಯ.

ಈಗ ವಿಷಯಕ್ಕೆ ಬರುತ್ತೇನೆ. ಸೈಕಲ್ ಅನ್ನು ಏಳು ಕೆಜಿ ಆಸುಪಾಸಿಗೆ ಇಳಿಸಬೇಕು ಅಂತ ತಲೆಯಲ್ಲಿ ಹೊಕ್ಕಿದೆ. ಕಾರ್ಬನ್ ವೀಲ್ ಸೆಟ್, ಕಾರ್ಬನ್ ಹ್ಯಾಂಡಲ್, ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಹಿಡಿಸುವ ತುಂಡು), ಸೀಟ್‌ಪೋಸ್ಟ್, ತೊಂಬತ್ತು ಗ್ರಾಮಿನ ಸೀಟು (ಅದರಲ್ಲಿ ಕುಶನ್ ಅನ್ನುವುದೇ ಇಲ್ಲ, ಬರೀ ಕಾರ್ಬನ್ ಹಾಳೆ), ಟೈಟಾನಿಯಂ ಬೋಲ್ಟ್, ಟಿಪಿಯು ಟ್ಯೂಬ್ (ಹಗುರ ಪ್ಲಾಸ್ಟಿಕ್ಕಿನದ್ದು), ಹಿಂದಿನ ಕ್ಯಾಸೆಟ್ (ಗೇರಿನ ಹಲ್ಲುಚಕ್ರಗಳ ಗೊಂಚಲು) 11-32 ಹಲ್ಲಿನದು ತೆಗೆದು 11-28. ಎಲ್ಲ ಸೇರಿಸಿದರೆ ಒಂದೂವರೆ ಲಕ್ಷ ದಾಟುತ್ತಿದೆ. ಇಷ್ಟು ಕೊಟ್ಟರೆ ಯಾರಾದರೂ ಬಳಸಿದ ಕಾರ್ಬನ್ ಬೈಕೇ ಸಿಗಬಹುದು, ಅದೂ ಒಂದು ದಾರಿ.

ನನ್ನ ಪ್ರಶ್ನೆ: ನಮ್ಮ ಕಡೆ ರೋಡಿನಲ್ಲಿ ಇದರಿಂದ ನಿಜವಾಗಿ ವೇಗ ಬರುತ್ತಾ? ನಮ್ಮ ಬಿಸಿಲಿಗೆ ಈ ಹಗುರ ಸಾಮಾನು ತಾಳುತ್ತಾ? ಯಾವುದು ಮುರಿಯುವ ಜಾತಿ, ಯಾವುದು ಅಲ್ಲ?

ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಮೊದಲು ಹೊಟ್ಟೆ ಕರಗಿಸು". ಅದು ಗೊತ್ತಿದೆ. ದಯವಿಟ್ಟು ಅದನ್ನು ಬಿಟ್ಟು ಬೇರೆ ಹೇಳಿ.

ಕೆಂಪುಮಣ್ಣು (ಬೀದರ್):

ಸರ್, ಹೊಟ್ಟೆ ವಿಷಯ ಎತ್ತುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ನಾನು ಪಾಠ ಮಾಡುವವನು, ಅಭ್ಯಾಸಬಲ.

ನೀವು, ಸೈಕಲ್, ನೀರು, ಬಟ್ಟೆ, ಎಲ್ಲ ಸೇರಿ 90 ಕೆಜಿ ಅಂತ ಇಟ್ಟುಕೊಳ್ಳಿ. ಅದರಲ್ಲಿ 2.4 ಕೆಜಿ ಇಳಿಸುತ್ತೀರಿ. ಸಪಾಟು ರಸ್ತೆಯಲ್ಲಿ ತೂಕ ಅಡ್ಡ ಬರುವುದು ಟೈರಿನ ಉರುಳು ತಡೆಯಲ್ಲಿ ಮಾತ್ರ. ಒಳ್ಳೆ ಟೈರಿಗೆ ಅದು ತೂಕದ ಸಾವಿರದಲ್ಲಿ ಐದು ಪಾಲಿನಷ್ಟು. ಗಂಟೆಗೆ 30 ಕಿ.ಮೀ. ವೇಗದಲ್ಲಿ 2.4 ಕೆಜಿಗೆ ಲೆಕ್ಕ ಹಾಕಿದರೆ ಉಳಿಯುವುದು ಸುಮಾರು ಒಂದು ವಾಟ್. ಒಂದೇ ಒಂದು. ನೀವು ಆ ವೇಗದಲ್ಲಿ ಹೊಡೆಯುತ್ತಿರುವುದು 170-180 ವಾಟ್. ಜೇವರ್ಗಿ ತನಕ ನಲವತ್ತು ಕಿ.ಮೀ. ಅಂತ ಹಿಡಿದರೂ ಹತ್ತು ಸೆಕೆಂಡ್ ಉಳಿಯಬಹುದು. ರಸ್ತೆಗೆ ಎಮ್ಮೆ ಅಡ್ಡ ಬಂದರೆ ಅದೂ ಹೋಯಿತು.

ಏರು ಬಂದರೆ ಲೆಕ್ಕ ಬೇರೆ. ನೂರು ಮೀಟರ್ ಎತ್ತರ ಏರಲು 2.4 ಕೆಜಿಗೆ ಖರ್ಚಾಗುವುದು ಸುಮಾರು 2,350 ಜೂಲ್. 180 ವಾಟ್ ಹೊಡೆಯುವವನಿಗೆ ಅದು 13 ಸೆಕೆಂಡ್. ನಂದಿ ಬೆಟ್ಟದಂಥ ಕಡೆ ಇದೇ ಒಂದು ನಿಮಿಷದ ಹತ್ತಿರ ಹೋಗುತ್ತೆ, ಅಲ್ಲಿ ರೇಸ್ ಮಾಡುವವರಿಗೆ ಅದು ದೊಡ್ಡದು. ಆದರೆ ಕಲಬುರಗಿಯಿಂದ ಜೇವರ್ಗಿಗೆ ಏರು ಅಂದರೆ ಭೀಮಾ ನದಿಯ ಸೇತುವೆ ಹತ್ತುವುದು, ಅಷ್ಟೇ ಅಲ್ವಾ?

ನಮ್ಮ ಕಡೆ ನಿಜವಾದ ಬೆಟ್ಟ ಅಂದರೆ ಗಾಳಿ. ಜೂನ್ ಬಂತು ಅಂದರೆ ಪಶ್ಚಿಮದ ಕಡೆಯಿಂದ ಬೀಸುತ್ತೆ, ತಡೆಯಲು ಒಂದು ಮರವೂ ಇಲ್ಲ, ಎರಡೂ ಕಡೆ ತೊಗರಿ ಹೊಲ. 30ರಲ್ಲಿ ಹೋಗುವಾಗ ಎದುರಿನಿಂದ 15 ಕಿ.ಮೀ. ಗಾಳಿ ಬಂದರೆ, ಅದೇ ವೇಗ ಉಳಿಸಿಕೊಳ್ಳಲು ಗಾಳಿಗೆ ಕೊಡಬೇಕಾದ ಶಕ್ತಿ ಎರಡೂಕಾಲು ಪಟ್ಟು. ಇದಕ್ಕೆ ಸೈಕಲ್ ತೂಕದ ಸಂಬಂಧವೇ ಇಲ್ಲ. ಮೊಣಕೈ ಮಡಚಿ, ಎದೆ ತಗ್ಗಿಸಿ ಕೂತರೆ ಗಾಳಿ ಇಲ್ಲದ ದಿನವೂ ಹತ್ತು ವಾಟ್ ಉಳಿಯುತ್ತೆ, ಎದುರು ಗಾಳಿಯಲ್ಲಿ ಇಪ್ಪತ್ತರ ಮೇಲೆ. ಪುಕ್ಕಟೆ.

ಇದನ್ನು ಚೆನ್ನಾಗಿ ತೋರಿಸುವ ಹಳೆ ಉದಾಹರಣೆ ಒಂದಿದೆ. 1972ರಲ್ಲಿ ಬೆಲ್ಜಿಯಂನ ರೇಸರ್ ಎಡ್ಡಿ ಮರ್ಕ್ಸ್ ಮೆಕ್ಸಿಕೋ ಸಿಟಿಯಲ್ಲಿ ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಹೋದ ದಾಖಲೆ ಮಾಡಿದರು, 49.431 ಕಿ.ಮೀ. ಅದಕ್ಕಾಗಿ ಇಟಲಿಯ ಸೈಕಲ್ ತಯಾರಕ ಕೊಲ್ನಾಗೊ ಕಟ್ಟಿಕೊಟ್ಟ ಸ್ಟೀಲ್ ಸೈಕಲ್ ಆರು ಕೆಜಿಗಿಂತ ಕಡಿಮೆ ಇತ್ತು. ಚೈನಿಗೆ, ಹ್ಯಾಂಡಲಿಗೆ ಎಲ್ಲ ತೂತು ಕೊರೆದು ಗ್ರಾಂ ತೆಗೆದಿದ್ದರು. 1984ರಲ್ಲಿ ಅದೇ ಊರಿನಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಅದಕ್ಕಿಂತ ಭಾರದ ಸೈಕಲ್ ಮೇಲೆ, ಸ್ಪೋಕ್ ಇಲ್ಲದ ತಟ್ಟೆ ಚಕ್ರ ಹಾಕಿಕೊಂಡು 51.151 ಕಿ.ಮೀ. ಹೋದರು. ತಯಾರಿಯೂ ಬೇರೆ ಇತ್ತು, ಒಪ್ಪುತ್ತೇನೆ. ಆದರೆ ಸಪಾಟಾದ ಟ್ರ್ಯಾಕ್ ಮೇಲೆ ಗ್ರಾಂ ಬಿಟ್ಟುಕೊಟ್ಟು ಗಾಳಿಯನ್ನು ಗೆದ್ದಿದ್ದು ಎಲ್ಲರ ಕಣ್ಣಿಗೂ ಬಿತ್ತು. ಕಲಬುರಗಿ ರಸ್ತೆಯೂ ಟ್ರ್ಯಾಕಿನಷ್ಟೇ ಸಪಾಟು.

"ಚಕ್ರದ ತೂಕ ಎರಡು ಪಟ್ಟು ಲೆಕ್ಕ" ಅಂತ ಯಾರಾದರೂ ಬರುತ್ತಾರೆ ನೋಡಿ ಈಗ. ವೇಗ ಏರಿಸುವಾಗ ಮಾತ್ರ ಅದು ನಿಜ. ರಿಮ್ಮು ಟೈರಿನಲ್ಲಿ 400 ಗ್ರಾಂ ತೆಗೆದರೆ, ನಿಂತಲ್ಲಿಂದ 30ಕ್ಕೆ ಹೋಗಲು 28 ಜೂಲ್ ಉಳಿಯುತ್ತೆ. ಒಟ್ಟು ಬೇಕಾಗುವುದು 3,100ರ ಮೇಲೆ. ಒಂದು ಪಾಲೂ ಆಗಲಿಲ್ಲ ನೂರಕ್ಕೆ.

ಸ್ಪ್ಯಾನರ್ ಕಾಕಾ (ಕಲಬುರಗಿ):

ತಮ್ಮಾ, ಲೆಕ್ಕ ಬೀದರ್ ಮೇಷ್ಟ್ರು ಹೇಳಿದ್ದಾರೆ. ನಾನು ರಿಪೇರಿ ಕಡೆಯಿಂದ ಹೇಳುತ್ತೇನೆ. ಸೂಪರ್ ಮಾರ್ಕೆಟ್ ಹತ್ತಿರ ನನ್ನ ಅಂಗಡಿ, ಇಂಥ ಸೈಕಲ್‌ಗಳು ಈಚೆಗೆ ಸಾಕಷ್ಟು ಬರುತ್ತಿವೆ.

ನಿನ್ನ ಪಟ್ಟಿಯಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಹ್ಯಾಂಡಲ್, ಸ್ಟೆಮ್, ಸೀಟ್‌ಪೋಸ್ಟ್. ಫೋರ್ಕ್ ನೀನು ಬದಲಿಸುತ್ತಿಲ್ಲ, ಒಳ್ಳೆಯದಾಯಿತು. ಇವು ಮುರಿದರೆ ಬ್ರೇಕ್ ಹಿಡಿಯಲು ಏನೂ ಉಳಿದಿರುವುದಿಲ್ಲ. ಫ್ರಾನ್ಸಿನಲ್ಲಿ 2006ರ ಪ್ಯಾರಿಸ್-ರೂಬೆ ರೇಸಿನಲ್ಲಿ ಅಮೆರಿಕದ ಸವಾರ ಜಾರ್ಜ್ ಹಿಂಕಾಪಿಗೆ ಆಗಿದ್ದು ಇದೇ. ಫೋರ್ಕಿನ ಸ್ಟೀರರ್ ಟ್ಯೂಬ್ (ಸ್ಟೆಮ್ ಕೂರುವ ಮೇಲಿನ ಕೊಳವೆ) ತುಂಡಾಗಿ ಹ್ಯಾಂಡಲ್ ಕೈಗೇ ಬಂತು, ಕೆಳಗೆ ಬಿದ್ದರು. ಅವರ ಹಿಂದೆ ಕಾರಿನಲ್ಲಿ ಮೆಕ್ಯಾನಿಕ್, ಡಾಕ್ಟರ್ ಎಲ್ಲ ಇದ್ದರು. ನಿನ್ನ ಹಿಂದೆ ಕಲ್ಲು ತುಂಬಿದ ಲಾರಿ ಇರುತ್ತೆ.

ಕಾರ್ಬನ್ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ಕಟ್ಟುವುದು ಸರಿ ಇರಬೇಕು. ಸ್ಟೆಮ್ ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದಿದ್ದರೆ ಐದೇ. ಬಿಗಿ ಎಷ್ಟು ಅಂತ ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಎಲನ್ ಕೀ ಹಿಡಿದು ಅಂದಾಜಿನಲ್ಲಿ ಬಿಗಿ ಮಾಡಿದರೆ ಒಳಗೆ ಎಳೆ ಬಿಡುತ್ತೆ, ಹೊರಗೆ ಬಣ್ಣ ಫಳಫಳ ಅಂತಲೇ ಇರುತ್ತೆ. ಕಾರ್ಬನ್ ಸೀಟ್‌ಪೋಸ್ಟಿಗೆ ಗ್ರೀಸ್ ಅಲ್ಲ, ಕಾರ್ಬನ್ ಪೇಸ್ಟ್ ಹಚ್ಚಬೇಕು. ಅದರಲ್ಲಿ ಮರಳಿನಂಥ ಕಣ ಇರುತ್ತೆ, ಕಡಿಮೆ ಬಿಗಿಯಲ್ಲೇ ಹಿಡಿದುಕೊಳ್ಳುತ್ತೆ. ಗ್ರೀಸ್ ಹಚ್ಚಿ, ಸೀಟು ಜಾರುತ್ತೆ ಅಂತ ಮತ್ತೆ ಬಿಗಿ ಮಾಡಿ, ಟಕ್ ಅನ್ನಿಸಿಕೊಂಡು ನನ್ನ ಹತ್ತಿರ ಬಂದವರು ಇದ್ದಾರೆ.

ಅಲ್ಯೂಮಿನಿಯಂ ಶಾಶ್ವತ ಅಂತಲೂ ತಿಳಿಯಬೇಡ. ನಮ್ಮ ಬಿಸಿಲಿಗೆ ಬೆವರು ಸುರಿದು ಹ್ಯಾಂಡಲ್ ಟೇಪಿನ ಒಳಗೆ ಇಳಿಯುತ್ತೆ, ಉಪ್ಪು ಕೂತು ಲೋಹ ತಿನ್ನುತ್ತೆ. ವರ್ಷಕ್ಕೊಮ್ಮೆ ಟೇಪು ಬಿಚ್ಚಿ ನೋಡಿದರೆ ಕೆಲವರ ಹ್ಯಾಂಡಲ್ ಬಿಳಿ ಪುಡಿ ಉದುರಿಸುತ್ತಿರುತ್ತೆ. ತೆಳು ಗೋಡೆಯ ಹಗುರ ಹ್ಯಾಂಡಲ್ ಆದರೆ ಇದು ಇನ್ನೂ ಬೇಗ ಅಪಾಯಕ್ಕೆ ಬರುತ್ತೆ.

ಬೋಲ್ಟ್ ವಿಷಯ. ಸೈಕಲ್ ತುಂಬಾ ಟೈಟಾನಿಯಂ ಹಾಕಿದರೂ ಐವತ್ತು ಗ್ರಾಂ ಉಳಿದರೆ ಹೆಚ್ಚು. ಅದಕ್ಕೂ ಆಂಟಿ ಸೀಜ್ (ಬೋಲ್ಟ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚದೆ ಹಾಕಿದರೆ ಹಿಡಿದುಕೊಂಡು ಬಿಡುತ್ತೆ, ಆಮೇಲೆ ಡ್ರಿಲ್ ಹಾಕಿ ತೆಗೆಯಬೇಕು. ಬಣ್ಣಬಣ್ಣದ ಅಲ್ಯೂಮಿನಿಯಂ ಬೋಲ್ಟ್ ಬರುತ್ತಲ್ಲ, ಅದು ಬಾಟಲ್ ಕೇಜಿಗೆ ಸರಿ. ಸ್ಟೆಮ್ಮಿಗೆ ಹಾಕು ಅಂದರೆ ನಾನು ಹಾಕುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

ಬಿಸಿಲಿಗೆ ಕಾರ್ಬನ್ ಕರಗುತ್ತಾ ಅಂತ ಕೇಳಿದ್ದೀಯ. ಇಲ್ಲ. ನಮ್ಮ 43-44 ಡಿಗ್ರಿ ಅದಕ್ಕೆ ಏನೂ ಅಲ್ಲ. ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕ್ ಹಾಕಿ ಉದ್ದದ ಘಾಟಿ ಇಳಿದರೆ ಬ್ರೇಕಿನ ಕಾವಿಗೆ ರಿಮ್ಮಿನ ಅಂಚು ಮೆತ್ತಗಾಗಿ ಉಬ್ಬುವುದುಂಟು. ಕಲಬುರಗಿಯಲ್ಲಿ ಆ ಘಾಟಿಯನ್ನು ಎಲ್ಲಿಂದ ತರುತ್ತೀಯ? ಆದರೆ ಮಳೆಯಲ್ಲಿ ಆ ರಿಮ್ ಬ್ರೇಕು ತಡವಾಗಿ ಹಿಡಿಯುತ್ತೆ, ಅದು ಇಲ್ಲೂ ಆಗುತ್ತೆ.

ಗುಡ್ಡದ ಸವಾರ (ಸುರಪುರ):

ಎಲ್ಲರೂ ಸೇರಿ ಹುಡುಗನ ಉತ್ಸಾಹಕ್ಕೆ ನೀರು ಎರಚುತ್ತಿದ್ದೀರಿ. ನಾನು ಬೇರೆ ಪಕ್ಷ.

ನನ್ನದು 6.9 ಕೆಜಿ, ಕಾರ್ಬನ್ ಫ್ರೇಮ್. ಮೇಷ್ಟ್ರ ಲೆಕ್ಕ ತಪ್ಪು ಅಂತ ಹೇಳಲು ನನಗೆ ಆಗುವುದಿಲ್ಲ, ಗಡಿಯಾರ ನೋಡಿದರೆ ನನ್ನ ಹಳೆ ಸೈಕಲಿಗೂ ಇದಕ್ಕೂ ಸುರಪುರದಿಂದ ಶಹಾಪುರಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆದರೆ ಸೀಟಿನಿಂದ ಎದ್ದು ನಿಂತು ತುಳಿದಾಗ ಸೈಕಲ್ ಕಾಲ ಕೆಳಗೆ ಎಡಕ್ಕೆ ಬಲಕ್ಕೆ ತೂಗುತ್ತಲ್ಲ, ಆ ಸುಖ ಯಾವ ವಾಟ್ ಮೀಟರಿನಲ್ಲೂ ಬರುವುದಿಲ್ಲ. ನಮ್ಮ ಕಡೆ ಗುಡ್ಡಗಳಿವೆ, ಸಣ್ಣ ಸಣ್ಣ ಏರು ಬರುತ್ತಾ ಇರುತ್ತವೆ, ಕಲಬುರಗಿಯ ಹಾಗೆ ಚಪಾತಿ ಲಟ್ಟಿಸಿದ ಊರಲ್ಲ. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಒಂದು ಕೈಯಲ್ಲಿ ಎತ್ತಿಕೊಂಡು ಹೋಗುತ್ತೇನೆ. ರೈಲಿನಲ್ಲಿ ಬ್ಯಾಗಿಗೆ ಹಾಕಿ ಒಯ್ಯುವಾಗ ಇನ್ನೂ ಸುಲಭ.

ಹಗುರದ ಹುಚ್ಚು ಇಂದಿನದಲ್ಲ. 1970ರ ದಶಕದಲ್ಲಿ ಯುರೋಪಿನ ತುಂಬಾ ಜನ ಬ್ರೇಕ್ ಲಿವರ್, ಚೈನ್ ರಿಂಗ್ (ಪೆಡಲ್ ಹತ್ತಿರದ ದೊಡ್ಡ ಹಲ್ಲುಚಕ್ರ), ಸೀಟ್‌ಪೋಸ್ಟ್ ಎಲ್ಲಕ್ಕೂ ತೂತು ಕೊರೆಯುತ್ತಿದ್ದರು. ಬ್ರಿಟನ್ನಿನಲ್ಲಿ ಈಗಲೂ ಚಳಿಗಾಲಕ್ಕೆ ಮುಂಚೆ ಗುಡ್ಡ ಹತ್ತುವ ರೇಸ್‌ಗಳು ನಡೆಯುತ್ತವೆ. ಕೆಲವೇ ನಿಮಿಷದ ಏರು. ಹ್ಯಾಂಡಲ್ ಟೇಪು ಬಿಚ್ಚುತ್ತಾರೆ, ಮುಂದೆ ಒಂದೇ ಚೈನ್ ರಿಂಗ್ ಇಡುತ್ತಾರೆ, ಹ್ಯಾಂಡಲಿನ ಕೆಳಗಿನ ಬಾಗು ಕತ್ತರಿಸುವವರೂ ಇದ್ದಾರೆ. ಅವರಿಗೆ ಅದು ಹಬ್ಬ. ಎಲ್ಲಕ್ಕೂ ಲಾಭ ನಷ್ಟ ಕೇಳುತ್ತಾ ಕೂತರೆ ಸೈಕಲ್ ಯಾಕೆ ಬೇಕು, ಬಸ್ಸಿಗೆ ಹೋಗಬಹುದಲ್ಲ.

ಆದರೂ ಒಂದು ಮಾತು ಹೇಳಿಬಿಡುತ್ತೇನೆ, ಮುಚ್ಚಿಡುವುದು ಸರಿಯಲ್ಲ. ನನ್ನ ಚಕ್ರಕ್ಕೆ ಚಪ್ಪಟೆ ಸ್ಪೋಕ್, ಆ ಕಂಪನಿಯದ್ದೇ ಬೇಕು. ಒಂದು ಸ್ಪೋಕ್ ಮುರಿದರೆ ಯಾದಗಿರಿಯಲ್ಲಿ ಸಿಗಲ್ಲ, ಕಲಬುರಗಿಯಲ್ಲಿ ಸಿಗಲ್ಲ, ಹೈದರಾಬಾದಿಗೆ ಹೇಳಿ ತರಿಸಬೇಕು. ಅಲ್ಲಿಯ ತನಕ ಸೈಕಲ್ ಗೋಡೆಗೆ. ಸ್ಪೋಕ್ ಕಡಿಮೆ ಇರುವುದರಿಂದ ಒಂದು ಹೋದರೆ ಚಕ್ರ ಅಲ್ಲೇ ವಾಲುತ್ತೆ, ಬ್ರೇಕಿಗೆ ತಾಗುತ್ತೆ, ಹೇಗೋ ಮನೆ ಸೇರೋಣ ಅನ್ನುವಂತಿಲ್ಲ. ಮಾಮೂಲಿ 32 ಸ್ಪೋಕಿನ ಚಕ್ರ ಆದರೆ ಯಾವ ಹಳ್ಳಿಯಲ್ಲಾದರೂ ಯಾರಾದರೂ ಬಿಗಿ ಮಾಡಿ ಕಳಿಸುತ್ತಾರೆ.

ಕೆಂಪುಮಣ್ಣು (ಬೀದರ್):

ಸುಖಕ್ಕೆ ನನ್ನ ತಕರಾರಿಲ್ಲ ಸರ್. ಅವರು ಕೇಳಿದ್ದು ವೇಗ ಬರುತ್ತಾ ಅಂತ. ಸುಖಕ್ಕೆ ಒಂದೂವರೆ ಲಕ್ಷ ಅಂತ ಅಂದುಕೊಂಡು ಕೊಟ್ಟರೆ ಆಮೇಲೆ ನಿರಾಸೆ ಆಗುವುದಿಲ್ಲ.

ಇನ್ನೊಂದು. ಕಂಪನಿಗಳಿಗೂ ಈ ವ್ಯತ್ಯಾಸ ಗೊತ್ತು. ಸ್ಪೆಷಲೈಸ್ಡ್ ಕಂಪನಿ 2020ರಲ್ಲಿ ಏಥೋಸ್ ಅಂತ ತಂದಿತು. 56 ಸೈಜಿನ ಫ್ರೇಮ್ 585 ಗ್ರಾಂ ಅಂತ ಹೇಳಿಕೊಂಡಿತು, ಅದೂ ಡಿಸ್ಕ್ ಬ್ರೇಕ್ ಫ್ರೇಮ್. ಆದರೆ ಅದನ್ನು ಮಾರಿದ್ದು ರೇಸ್ ಮಾಡದೆ ಸುಮ್ನೆ ಖುಷಿಗೆ ಓಡಿಸುವವರಿಗೆ. ರೇಸಿನವರಿಗೆ ಅದೇ ವರ್ಷ ಕೊಟ್ಟ ಟಾರ್ಮ್ಯಾಕ್ ಫ್ರೇಮ್ 800 ಗ್ರಾಂ, ಯಾಕೆಂದರೆ ಅದರ ಕೊಳವೆಗಳು ಗಾಳಿ ಸೀಳುವ ಆಕಾರದಲ್ಲಿವೆ. ಗೆಲ್ಲಬೇಕಾದವರಿಗೆ ಭಾರದ್ದು, ಖುಷಿಪಡುವವರಿಗೆ ಹಗುರದ್ದು. ಸುರಪುರದವರು ಹೇಳಿದ್ದೂ ಅದೇ ಆಯಿತಲ್ವಾ.

ಗುಡ್ಡದ ಸವಾರ (ಸುರಪುರ):

ಆಯಿತು ಮೇಷ್ಟ್ರೇ, ಇದೊಂದು ವಿಷಯದಲ್ಲಿ ರಾಜಿ.

ಎರೆಹೊಲ ಸವಾರ (ಕಲಬುರಗಿ):

ಎಲ್ಲರಿಗೂ ಥ್ಯಾಂಕ್ಸ್ ರೀ. ಹತ್ತು ಸೆಕೆಂಡ್ ಅಂತ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಸ್ಟೆಮ್, ಹ್ಯಾಂಡಲ್ ಬಿಟ್ಟೆ ಅಂದುಕೊಳ್ಳಿ. ಹಾಗಾದರೆ ಟ್ಯೂಬ್, ಟೈರ್? ಅಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ತೂಕ ಇಳಿಯುತ್ತೆ ಅಂತ ಎಲ್ಲ ಕಡೆ ಓದಿದ್ದೇನೆ. ಈಗಿರುವುದು ಸೈಕಲ್ ಜೊತೆ ಬಂದ ತಂತಿ ಅಂಚಿನ 25 ಮಿ.ಮೀ. ಅಗಲದ ಟೈರ್, ಮಾಮೂಲಿ ಟ್ಯೂಬ್. ಇನ್ನೊಂದು, ಬಳಸಿದ ಕಾರ್ಬನ್ ಬೈಕ್ ತೆಗೆದುಕೊಂಡರೆ ಏನೇನು ನೋಡಬೇಕು?

ರಾತ್ರಿ ಹೆಡ್‌ಲೈಟ್ (ಹುಮನಾಬಾದ್):

ಟ್ಯೂಬಿನ ಪ್ರಶ್ನೆಗೆ ನಾನು ಬರಲೇಬೇಕು. ನಾನು ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸುವ ಉದ್ದ ದೂರದ ಸವಾರಿ) ಓಡಿಸುವವನು, 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು ಗಂಟೆ ಕೊಡುತ್ತಾರೆ. ಅಲ್ಲಿ ಸೈಕಲ್ ತೂಕ ಯಾರೂ ಕೇಳಲ್ಲ. ಮುಂದೆ ಹಿಂದೆ ಲೈಟ್ ಇದೆಯಾ, ಮಿಂಚುವ ಜಾಕೆಟ್ ಇದೆಯಾ ಅಂತ ಕೇಳುತ್ತಾರೆ.

ಮಾಮೂಲಿ ಬ್ಯುಟೈಲ್ ರಬ್ಬರ್ ಟ್ಯೂಬ್ ನೂರು ಗ್ರಾಂ ಚಿಲ್ಲರೆ. ಟಿಪಿಯು ಮೂವತ್ತೈದು, ನಲವತ್ತು. ಎರಡು ಚಕ್ರ ಸೇರಿ ನೂರಿಪ್ಪತ್ತು ಗ್ರಾಂ ಉಳಿತಾಯ, ಮುದುಡಿದರೆ ಬೆಂಕಿಪೊಟ್ಟಣದಷ್ಟು ಆಗುತ್ತೆ. ಕೇಳಲು ಚೆಂದ. ಆದರೆ ನಮ್ಮ ಮಾಮೂಲಿ ಪಂಚರ್ ಸೊಲ್ಯೂಷನ್, ರಬ್ಬರ್ ತೇಪೆ ಅದಕ್ಕೆ ಹಿಡಿಯುವುದಿಲ್ಲ, ಅದರದ್ದೇ ತೇಪೆ ಬೇಕು, ಟ್ಯೂಬ್ ಚೆನ್ನಾಗಿ ಒರೆಸಿ ಹಚ್ಚಬೇಕು. ದಾರಿಯಲ್ಲಿ ಪಂಚರ್ ಅಂಗಡಿಯವನಿಗೆ ಕೊಟ್ಟರೆ ಅವನು ಅಭ್ಯಾಸದ ಹಾಗೆ ಅರ ಹಾಕಿ ಉಜ್ಜುತ್ತಾನೆ, ಟ್ಯೂಬ್ ಕಥೆ ಮುಗಿಯಿತು. ರಿಮ್ ಬ್ರೇಕ್ ಇದ್ದರೆ ಕೆಲವು ಟಿಪಿಯು ಟ್ಯೂಬ್ ಹಾಕಬೇಡಿ ಅಂತ ಕಂಪನಿಗಳೇ ಬರೆಯುತ್ತವೆ, ಬ್ರೇಕಿನ ಕಾವಿಗೆ ಮೆತ್ತಗಾಗುತ್ತೆ ಅಂತ. ಪೊಟ್ಟಣದ ಮೇಲೆ ಓದಿ ತೆಗೆದುಕೊಳ್ಳಿ. ನಾನು ಚಕ್ರದೊಳಗೆ ಬ್ಯುಟೈಲ್ ಹಾಕಿ, ಸೀಟಿನ ಕೆಳಗಿನ ಚೀಲದಲ್ಲಿ ಎರಡು ಟಿಪಿಯು ಇಟ್ಟುಕೊಳ್ಳುತ್ತೇನೆ. ಜಾಗವೂ ಉಳಿಯುತ್ತೆ, ಭಾರವೂ ಇಲ್ಲ.

ಮುಳ್ಳು. ಇದನ್ನು ಬೆಂಗಳೂರಿನವರು ಮಾಡುವ ವಿಡಿಯೋದಲ್ಲಿ ಹೇಳಲ್ಲ. ನಮ್ಮ ಕಡೆ ರಸ್ತೆ ಬದಿಗೆಲ್ಲ ಬಳ್ಳಾರಿ ಜಾಲಿ. ಕಡಿದು ಹಾಕಿದರೂ ರೆಂಬೆ ಅಲ್ಲೇ ಬಿದ್ದಿರುತ್ತೆ, ಲಾರಿಗೆ ದಾರಿ ಬಿಟ್ಟು ನಾವು ಅಂಚಿಗೆ ಸರಿಯುತ್ತೇವೆ, ಟೈರ್ ನೇರ ಮುಳ್ಳಿನ ಮೇಲೆ. ತೀರಾ ಹಗುರದ ರೇಸ್ ಟೈರ್ 25 ಸೈಜಿನದು 200 ಗ್ರಾಂ ಆಸುಪಾಸು, ಅದರ ಮೈ ಕಾಗದದಷ್ಟು ತೆಳು. ಒಳಗೆ ಮುಳ್ಳು ತಡೆಯುವ ಪಟ್ಟಿ ಇರುವ ಟೈರ್ ತೆಗೆದುಕೊಳ್ಳಿ, 28 ಸೈಜ್ ಕೂರುತ್ತಾ ನೋಡಿ. ಒಂದಕ್ಕೆ 300 ಗ್ರಾಂ ಆಗಲಿ ಬಿಡಿ, ಆದರೆ ಚೆನ್ನಾಗಿ ಉರುಳುವ ಜಾತಿಯದ್ದು ಆರಿಸಿ. ಸೈಕಲ್ ಜೊತೆ ಬರುವ ಅಗ್ಗದ ಟೈರಿಗೂ ಒಳ್ಳೆ ಟೈರಿಗೂ ಜೋಡಿಗೆ ಹತ್ತು ವಾಟ್‌ಗಿಂತ ಮೇಲೆ ವ್ಯತ್ಯಾಸ ಬರುತ್ತೆ. ಮೇಷ್ಟ್ರು 2.4 ಕೆಜಿಗೆ ಒಂದು ವಾಟ್ ಅಂದಿದ್ದರಲ್ಲ, ಇಲ್ಲಿ ಕೆಲವು ಸಾವಿರಕ್ಕೆ ಹತ್ತು.

ಗಾಳಿ ಒತ್ತಡ ಕಲ್ಲಿನ ಹಾಗೆ ತುಂಬಬೇಡಿ. ಜಲ್ಲಿ ಎದ್ದ ರಸ್ತೆಯಲ್ಲಿ ಜಾಸ್ತಿ ಒತ್ತಡ ಇದ್ದರೆ ಸೈಕಲ್ ಕುಣಿಯುತ್ತೆ, ಆ ಕುಣಿತಕ್ಕೂ ನಿಮ್ಮ ಕಾಲಿನ ಶಕ್ತಿಯೇ ಹೋಗುವುದು. ಅಲ್ಲದೆ ಬೆಳಗ್ಗೆ 25 ಡಿಗ್ರಿಯಲ್ಲಿ 90 ಪಿಎಸ್ಐ ತುಂಬಿದ ಟೈರ್, ಮಧ್ಯಾಹ್ನ ಒಳಗಿನ ಗಾಳಿ 45ಕ್ಕೆ ಕಾದರೆ ತಾನಾಗಿ 97ರ ಹತ್ತಿರ ಹೋಗುತ್ತೆ.

ಮತ್ತೆ ಆ 11-28 ಕ್ಯಾಸೆಟ್ ಐಡಿಯಾ ಬಿಡಿ ಮಾರಾಯರೇ. ಕೆಲವು ಗ್ರಾಂಗೋಸ್ಕರ ದೊಡ್ಡ ಹಲ್ಲು ಕೊಟ್ಟುಬಿಡುತ್ತೀರಿ, ಎದುರು ಗಾಳಿಯಲ್ಲಿ ಕೊನೆಯ ಮೂವತ್ತು ಕಿ.ಮೀ. ಬರುವಾಗ ಅದರ ಬೆಲೆ ಗೊತ್ತಾಗುತ್ತೆ. ನೀರಿನ ಲೆಕ್ಕವನ್ನೂ ಹಾಕಿ. ಏಪ್ರಿಲ್‌ನಲ್ಲಿ 750 ಎಂಎಲ್‌ನ ಎರಡು ಬಾಟಲ್ ತುಂಬಿಕೊಂಡರೆ ಒಂದೂವರೆ ಕೆಜಿ. ಅದನ್ನು ಇಳಿಸಲು ಆಗಲ್ಲ, ಇಳಿಸಲೂ ಬಾರದು. ನಮ್ಮ ಜೊತೆ ಒಬ್ಬ ಹಗುರ ಅಂತ ಒಂದೇ ಬಾಟಲ್ ಕೇಜ್ ಇಟ್ಟುಕೊಂಡು ಬರುತ್ತಿದ್ದ, ಬೆಳಗ್ಗೆ ಹನ್ನೊಂದಾದರೆ ಎಲ್ಲರ ಬಾಟಲ್ ಮೇಲೆ ಅವನ ಕಣ್ಣು.

ಹಳೆ ರೇಸ್ ಹುಡುಗ (ಈಗ ಕಲಬುರಗಿ):

ನಾನು ವಿಜಯಪುರ ಕಡೆಯವನು. ಅಲ್ಲಿ ಸೈಕಲ್ ರೇಸ್ ಅಂದರೆ ಊರೇ ನಿಲ್ಲುತ್ತೆ, ಚಿಕ್ಕಂದಿನಿಂದ ಅದರಲ್ಲೇ ಬೆಳೆದವನು. ಎರಡು ಮಾತು.

ಒಂದು, ರೇಸ್ ಮಾಡುವ ಆಸೆ ಇದ್ದರೆ ಏಳರ ಕೆಳಗೆ ಇಳಿಸಲು ದುಡ್ಡು ಸುರಿಯಬೇಡಿ ಅಣ್ಣಾ. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದ ಪ್ರಕಾರ ಸೈಕಲ್ 6.8 ಕೆಜಿಗಿಂತ ಕಡಿಮೆ ಇರುವಂತಿಲ್ಲ. 2000ದಿಂದ ಜಾರಿಯಲ್ಲಿದೆ. ರಿಮ್ ಬ್ರೇಕ್ ಕಾಲದಲ್ಲಿ ದೊಡ್ಡ ತಂಡಗಳು ಸೈಕಲ್ ತೀರಾ ಹಗುರಾಯಿತು ಅಂತ ಫ್ರೇಮಿನೊಳಗೆ ತೂಕ ಸೇರಿಸಿದ್ದೂ ಉಂಟು. ಡಿಸ್ಕ್ ಬ್ರೇಕ್ ಬಂದ ಮೇಲೆ ಆ ಗೋಳು ಕಡಿಮೆಯಾಯಿತು, ಅದರ ತೂಕವೇ ಆ ಜಾಗ ತುಂಬಿತು. ನಿಯಮ ಇಟ್ಟಿದ್ದೇ ಗ್ರಾಂ ಆಸೆಗೆ ಯಾರೂ ಮುರಿಯುವ ಸೈಕಲ್ ಮೇಲೆ ಕೂರಬಾರದು ಅಂತ. ಈಗಿನ ಸಾಮಾನು ಗಟ್ಟಿ ಇದೆ, ಮಿತಿ ಇಳಿಸಿ ಅಂತ ವಾದ ಮಾಡುವವರೂ ಇದ್ದಾರೆ, ಆ ಜಗಳ ನಮಗೆ ಬೇಡ.

ಎರಡು, ಬಳಸಿದ ಕಾರ್ಬನ್ ಬೈಕ್. ಬಿದ್ದಿತ್ತಾ ಅಂತ ಕೇಳಿದರೆ ಯಾರೂ ಹೌದು ಅನ್ನಲ್ಲ. ಬ್ರೇಕ್ ಲಿವರಿನ ತುದಿ, ಪೆಡಲಿನ ಹೊರ ಅಂಚು, ಹಿಂದಿನ ಗೇರಿನ ಮೈ, ಸೀಟಿನ ಪಕ್ಕ ಇವುಗಳ ಮೇಲೆ ಉಜ್ಜಿದ ಗುರುತು ಇದ್ದರೆ ಬಿದ್ದಿದೆ ಅಂತಲೇ ಅರ್ಥ. ಆಮೇಲೆ ಸೀಟ್‌ಪೋಸ್ಟ್ ಹೊರಗೆ ಎಳೆಸಿ ನೋಡಿ, ಫೋರ್ಕ್ ಬಿಚ್ಚಿಸಿ ಸ್ಟೀರರ್ ನೋಡಿ. ಮಾರುವವನು ಬಿಚ್ಚಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ನಾಣ್ಯದಲ್ಲಿ ಬಡಿದು ಸದ್ದು ಕೇಳುವ ಪದ್ಧತಿ ಇದೆ, ಟಣ್ ಅಂದರೆ ಸರಿ, ಡಬ್ ಅಂದರೆ ಒಡೆದಿದೆ ಅಂತ. ಅದನ್ನೇ ನಂಬಬೇಡಿ, ಗೋಡೆಯ ದಪ್ಪ ಬದಲಾದ ಕಡೆಯೂ ಸದ್ದು ಬದಲಾಗುತ್ತೆ. ಮತ್ತೆ ದೊಡ್ಡ ಬ್ರ್ಯಾಂಡಿನ ಹೆಸರು ಅಂಟಿಸಿದ ನಕಲಿ ಫ್ರೇಮ್‌ಗಳು ಓಡಾಡುತ್ತಿವೆ. ಸೀರಿಯಲ್ ನಂಬರ್, ಬಿಲ್ ಎರಡೂ ಕೇಳಿ.

ಸ್ಪ್ಯಾನರ್ ಕಾಕಾ (ಕಲಬುರಗಿ):

ಈ ಹುಡುಗ ಹೇಳಿದ್ದು ಎಲ್ಲ ಸರಿ. ಇನ್ನೊಂದು ಸೇರಿಸು: ಹಗುರದ ಸಾಮಾನಿನ ಮೇಲೆ ಸವಾರನ ತೂಕದ ಮಿತಿ ಬರೆದಿರುತ್ತಾರೆ, ಕೆಲವು ಚಕ್ರ, ಸೀಟಿಗೆ 80-90 ಕೆಜಿ. ನೀನು 78, ಬೆನ್ನಿಗೆ ಚೀಲ ಹಾಕಿದರೆ ಅಂಚಿಗೇ ಬಂದೆ. ಆ ಮಿತಿ ಚೆನ್ನಾಗಿರುವ ರಸ್ತೆಗೆ ಅಂತ ತಿಳಿ. ಶಹಾಬಾದ್ ಕಲ್ಲು ಸಾಗಿಸುವ ರಸ್ತೆಯ ಗುಂಡಿಯನ್ನು ಆ ಕಂಪನಿಯವರು ನೋಡಿಲ್ಲ.

ಅಲ್ಯೂಮಿನಿಯಂ ಹಲ್ಲಿನ ಹಗುರ ಕ್ಯಾಸೆಟ್ ಬರುತ್ತೆ, ಅದೂ ಬೇಡ. ನಮ್ಮ ಸುಣ್ಣಕಲ್ಲಿನ ದೂಳು ಚೈನ್ ಎಣ್ಣೆಗೆ ಸೇರಿದರೆ ಅರೆಯುವ ಹಿಟ್ಟಾಗುತ್ತೆ, ಮೆತ್ತನೆಯ ಹಲ್ಲು ಬೇಗ ಸವೆಯುತ್ತೆ. ಸ್ಟೀಲಿನದೇ ಇರಲಿ.

ಎರೆಹೊಲ ಸವಾರ (ಕಲಬುರಗಿ):

ಸರಿ ಕಾಕಾ. ಹೀಗೆ ಯೋಚಿಸಿದ್ದೇನೆ. ಹ್ಯಾಂಡಲ್, ಸ್ಟೆಮ್, ಸೀಟ್‌ಪೋಸ್ಟ್ ಇದ್ದಂತೆ. ಕ್ಯಾಸೆಟ್ ಇದ್ದಂತೆ. ಒಳ್ಳೆ ಟೈರ್ ಜೋಡಿ ಈಗಲೇ. ಚಕ್ರ ಮಾತ್ರ ಆಸೆ ಬಿಡುತ್ತಿಲ್ಲ, ಆದರೆ ಕಾರ್ಬನ್ ಅಲ್ಲದೆ ಅಲ್ಯೂಮಿನಿಯಂ ರಿಮ್ಮಿನದ್ದೇ, ಒಂದೂವರೆ ಕೆಜಿ ಆಸುಪಾಸಿನದ್ದು, ಸಾದಾ ದುಂಡು ಸ್ಪೋಕ್, ಹಿಂದಿನ ಚಕ್ರಕ್ಕೆ ಅವು 28. ಈಗಿರುವುದಕ್ಕಿಂತ ಅರ್ಧ ಕೆಜಿಯಾದರೂ ಇಳಿಯುತ್ತೆ. ಮೇಷ್ಟ್ರೇ, ಇದರಿಂದ ಎಷ್ಟು ಸೆಕೆಂಡ್ ಅಂತ ಲೆಕ್ಕ ಹಾಕಬೇಡಿ ದಯವಿಟ್ಟು.

ಮತ್ತೆ ಆ ತೊಂಬತ್ತು ಗ್ರಾಮಿನ ಸೀಟು... ಅದನ್ನು ಇನ್ನೂ ಕಾರ್ಟಿನಿಂದ ತೆಗೆದಿಲ್ಲ.

ಕೆಂಪುಮಣ್ಣು (ಬೀದರ್):

ಹಾಕಲ್ಲ ಹಾಕಲ್ಲ. ಉಳಿದ ದುಡ್ಡಿನಲ್ಲಿ ಒಮ್ಮೆ ಬೀದರಿಗೆ ಬನ್ನಿ, ಅಷ್ಟೂರು ಕಡೆ ಹೋಗಿ ಬರೋಣ, ಗಾಳಿ ಸ್ವಲ್ಪ ಕಡಿಮೆ ಇರುವ ದಿನ.

ರಾತ್ರಿ ಹೆಡ್‌ಲೈಟ್ (ಹುಮನಾಬಾದ್):

ಸೀಟು ತೆಗೆದುಕೊಳ್ಳುವ ಮುಂಚೆ ಯಾರದ್ದಾದರೂ ಒಂದು ಸಲ ಕೇಳಿ ಹಾಕಿ ನೋಡಿ. ಕಮಲಾಪುರ ತನಕ ಸಾಕು, ಅಲ್ಲಿಂದ ವಾಪಸ್ ಬರುವಾಗ ನಿಂತುಕೊಂಡೇ ಬರುತ್ತೀರಿ.

ಸ್ಪ್ಯಾನರ್ ಕಾಕಾ (ಕಲಬುರಗಿ):

ಟೈರ್ ಕೊಳ್ಳುವ ಮುಂಚೆ ಸೈಕಲ್ ತೆಗೆದುಕೊಂಡು ಬಾ ತಮ್ಮಾ. 28 ಅಂತ ಬರೆದ ಟೈರ್ ಕೆಲವು ರಿಮ್ಮಿನ ಮೇಲೆ 29, 30 ಆಗಿ ಊದುತ್ತೆ. ನಿನ್ನ ಫ್ರೇಮಿನಲ್ಲಿ ಬ್ರೇಕ್ ಕೆಳಗೆ, ಹಿಂದಿನ ಕೊಳವೆಗಳ ನಡುವೆ ಎಷ್ಟು ಜಾಗ ಇದೆ ಅಂತ ಅಳೆದು ಹೇಳುತ್ತೇನೆ. ಸುತ್ತ ನಾಲ್ಕು ಮಿಲಿಮೀಟರಾದರೂ ಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡು ಚಕ್ರ ತಿರುಗುವುದೇ ಇಲ್ಲ. ಜಾಗ ಇಲ್ಲ ಅಂದರೆ ಮುಂದೆ 28, ಹಿಂದೆ 25 ಹಾಕೋಣ. ಬೆಳಗ್ಗೆ ಹತ್ತರ ಮೇಲೆ ಬಾ, ಹಳೆ ಟ್ಯೂಬ್ ಎರಡನ್ನೂ ಎಸೆಯದೆ ಜೊತೆಗೆ ತಾ.